ಟಾವೆಲ್ಲಿನೊಳಗಿನ ಕೈ

ಮಾಸ್ತರರ ಅಂಗೈ ಉರಿಬಿಸಿಲಿನಲ್ಲೂ ತಣ್ಣಗಿರುತ್ತಿತ್ತು. ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬೈಲಹೊಂಗಲದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಅವರು ನನ್ನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ನಾನು ದನದ ಪೇಟೆಯ ದಲಾಲಿ.

ತೊಂಬತ್ತರ ದಶಕದಲ್ಲಿ ಅವರಿಗೊಂದು ಹುಚ್ಚು. ಸಿಟ್ಟಿನವ, ಅಂಜುಬುರುಕ, ದುಃಖಿ, ನಗುಮುಖದವ ಎಂದು ಒಂದೊಂದೇ ಗುಣಪದ ಓದುವುದು; ಅದು ನಿಮಗೆ ಎಷ್ಟು ಒಪ್ಪುತ್ತದೆ, ಒಂದರಿಂದ ಐದರೊಳಗೆ ಹೇಳಿ ಎನ್ನುವುದು. ಒಬ್ಬರ ಸ್ವಭಾವ ಇನ್ನೊಬ್ಬರಿಗಿಂತ ಎಷ್ಟು ಬೇರೆ ಎಂದು ಅಳೆಯಬೇಕಂತೆ. ಪೇಟೆಗೂ ಬಂದರು. ನಾಲ್ಕು ಜನರೆದುರು ಯಾವ ಗಂಡಸು ತಾನು ಅಂಜುಬುರುಕ ಎಂದಾನು? ಎಲ್ಲರದೂ ಅಂಜಿಕೆಗೆ ಒಂದು, ನಗುವಿಗೆ ಐದು.

"ಸರ್ರ, ಬಾಯಿಲೆ ಕೇಳಿದ್ರ ಸುಳ್ಳ ಹೇಳ್ತಾರ. ಎತ್ತಿನ ರೇಟ್ ಕೇಳಿದಂಗ ಕೇಳ್ರಿ" ಎಂದು ನನ್ನ ಟಾವೆಲ್ ಕೊಟ್ಟೆ. ನಮ್ಮಲ್ಲಿ ಬೆಲೆ ಕೂಗುವುದಿಲ್ಲ. ಟಾವೆಲ್ ಹೊದಿಸಿ, ಒಳಗೆ ಎದುರಿನವನ ಬೆರಳು ಹಿಡಿದು ತಿಳಿಸುತ್ತೇವೆ; ಎಷ್ಟು ಬೆರಳು ಹಿಡಿದರೆ ಅಷ್ಟು. ಅಲ್ಲಿಯದು ಅಲ್ಲೇ ಉಳಿಯಬೇಕು. ಮುಂದಿನ ಸಂತೆಗೆ, ಮೀಸೆ ತಿರುವುತ್ತಿದ್ದ ಸಾಲಹಳ್ಳಿಯ ಆಸಾಮಿಯೊಬ್ಬ ಟಾವೆಲ್ಲಿನೊಳಗೆ ಅವರ ಬೆರಳು ಹಿಡಿದು ಉತ್ತರ ಕೊಟ್ಟು ಹೋದ. ಅಂಜಿಕೆ ಎಷ್ಟು ಹೇಳಿದ ಎಂದು ಕೇಳಿದೆ. "ಟಾವೆಲ್ ನಿಮ್ದು, ರೂಢಿನೂ ನಿಮ್ದ ಅಲ್ಲೇನ್ರಿ ಸಾವಕಾರ್ರ?" ಎಂದು ಟಾವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು.

ನೀವೂ ಯಾರ ಮನಸ್ಸನ್ನಾದರೂ ತಿಳಿಯಬೇಕಿದ್ದರೆ ಬಯಲಿನಲ್ಲಿ ಕೇಳಬೇಡಿ.

ನನ್ನ ಹೆಂಡತಿ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಮಣ್ಣು ಕೊಟ್ಟು ಬಂದು ಚಹಾ ಕುಡಿದೆ, ಪೆಂಡಾಲಿನವನೊಂದಿಗೆ ಚೌಕಾಶಿ ಮಾಡಿದೆ. ಅವಳ ತವರಿನವರು ಇವನು ಮನುಷ್ಯನಲ್ಲ, ಕಲ್ಲು ಎಂದರು. ಇರಬಹುದು ಎಂದುಕೊಂಡೆ. ಮಾಸ್ತರರು ಮಾಳಿಗೆಯಿಂದ ಇಳಿದು ಬಂದು, ನಮ್ಮಿಬ್ಬರ ಕೈ ಮೇಲೆ ಟಾವೆಲ್ ಹೊದಿಸಿ, "ದುಃಖ?" ಎಂದರು. ನನ್ನ ಬೆರಳು ಅಲುಗಲಿಲ್ಲ.

"ಇರ್ಲಿ. ಏನೂ ಇಲ್ಲ ಅನ್ನೂದೂ ಒಂದ್ ಉತ್ತರನರೀ. ಮತ್ತ ಕೇಳ್ತೇನಿ."

ಮುಂದೆ ವರ್ಷಗಟ್ಟಲೆ ಆಗಾಗ ಕೇಳಿದರು. ಪ್ರತಿಸಲ ನನ್ನ ಕೈ ಹಾಗೇ ಬಿದ್ದಿರುತ್ತಿತ್ತು.

ಎರಡು ಸಾವಿರದ ಇಸವಿಯ ಈಚೆಗೆ ಅವರಿಗೆ ಲಕ್ವಾ ಹೊಡೆದು ಒಂದು ಬದಿ ಬಿತ್ತು, ಮಾತೂ ನಿಂತಿತು. ಅಪ್ಪ ಶಾಂತವಾಗಿದ್ದಾರೆ ಎಂದು ಅವರ ಮಗ ಹೇಳಿದ. ಜೀವವಿದ್ದ ಕೈಯ ಮೇಲೆ ಟಾವೆಲ್ ಹೊದಿಸಿ ಮೆಲ್ಲಗೆ ಕೇಳಿದೆ: "ಅಂಜಿಕಿ ಎಷ್ಟರೀ, ಸರ್ರ?"

ಆ ತಣ್ಣನೆಯ ಕೈ ನನ್ನ ಐದೂ ಬೆರಳುಗಳನ್ನು ಹಿಡಿಯಿತು. ಬಹಳ ಹೊತ್ತು ಬಿಡಲಿಲ್ಲ. ಮಗನಿಗೆ ನಾನೇನೂ ಹೇಳಲಿಲ್ಲ.

ಮಾಸ್ತರರು ತೀರಿಕೊಂಡ ವಾರವೇ ಸಂತೆಯಲ್ಲಿ, ಎತ್ತು ಕೊಳ್ಳಲು ಬಂದ ಹೂಲಿಯ ರೈತರೊಬ್ಬರು ಟಾವೆಲ್ಲಿನೊಳಗೆ ಕೈ ಕೊಟ್ಟರು. ಅವರ ಐದೂ ಬೆರಳುಗಳನ್ನು ಹಿಡಿದುಬಿಟ್ಟೆ. ಎತ್ತಿಗೆ ಅಷ್ಟು ಹೇಳುವ ಯೋಚನೆ ನನಗಿರಲಿಲ್ಲ; ಕಿವಿಯಲ್ಲಿ ಮಾಸ್ತರರ "ದುಃಖ?" ಇತ್ತು.

"ಭಾಳ ಆತ್ರೀ ಯಜಮಾನ್ರ, ಒಂದೀಟ ಇಳಸ್ರಿ" ಎಂದರು.

ಇಳಿಸಲು ನನ್ನಿಂದಾಗಲಿಲ್ಲ.