ಏಕವಚನ ಬಾರದ ರೇಡಿಯೊ ಆಂಟಿ

ಬಾಯಿ ತೆರೆದರೆ ಸಾಕು, ಅವರ ಎಡಗೈ ತಾನಾಗಿ ಎಡಗಿವಿಗೆ ಹೋಗುತ್ತಿತ್ತು. ಬಾಗಿದ ಅಂಗೈ, ಸೊಟ್ಟಗಾದ ಕಿರುಬೆರಳು, ಮುಚ್ಚಿದ ಕಣ್ಣು. ತನ್ನ ದನಿ ತನಗೆ ಸರಿಯಾಗಿ ಕೇಳಲಿ ಎಂದು ಸ್ಟುಡಿಯೊದಲ್ಲಿ ಮಾಡಿಕೊಂಡಿದ್ದ ಅಭ್ಯಾಸವಂತೆ. ಹಾಲಿನವನ ಹತ್ತಿರ ಅರ್ಧ ಲೀಟರ್ ಕೇಳುವಾಗಲೂ ಹಾಗೆಯೇ ನಿಲ್ಲುತ್ತಿದ್ದರು. ಹಲಸೂರಿನ ನಮ್ಮ ಬೀದಿಗೆಲ್ಲ ಅವರು ರೇಡಿಯೊ ಆಂಟಿ.

ಹುಟ್ಟಿದ್ದು ಲಂಕೆಯಲ್ಲಿ, ಮಾತೃಭಾಷೆ ಸಿಂಹಳ. ಅಲ್ಲಿನ ರೇಡಿಯೊದಲ್ಲಿ ಮೈಕಿನ ಮುಂದೆ ಕೂತ ಮೊದಮೊದಲ ಹೆಂಗಸರಲ್ಲಿ ಇವರೊಬ್ಬರು. ಹಾಡುಗಳನ್ನೂ ಬರೆದಿದ್ದರು. ಅದೇ ನಿಲಯದ ತಮಿಳು ಎಂಜಿನಿಯರನ್ನು ಮದುವೆಯಾದರು. ಅಲ್ಲಿ ತಮಿಳರ ವಿರುದ್ಧ ಗಲಭೆಯಾದಾಗ ಗಂಡ ಹೆಂಡತಿ ಇಬ್ಬರೂ ಗಂಡನ ಕಡೆಯವರನ್ನು ಹುಡುಕಿಕೊಂಡು ಹಲಸೂರಿಗೆ ಬಂದಿದ್ದರು. ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬರುವಷ್ಟರಲ್ಲಿ ಗಂಡ ತೀರಿಕೊಂಡು ಅವರು ಒಬ್ಬರೇ ಉಳಿದಿದ್ದರು. ಸಿಂಹಳದಲ್ಲಿ ಮಾತಾಡಲು ಇಡೀ ಹಲಸೂರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಕನ್ನಡವನ್ನು ಅವರು ಕಲಿತದ್ದು ರೇಡಿಯೊ ವಾರ್ತೆ ಕೇಳಿ. ಮಾರ್ಕೆಟ್ಟಿನಲ್ಲಿ ನಿಂತು, ಕಿವಿಗೆ ಕೈ ಕೊಟ್ಟು, "ಬದನೆಕಾಯಿಯ ಗುಣಮಟ್ಟ ತೃಪ್ತಿಕರವಾಗಿದೆಯೇ?" ಎಂದು ಕೇಳುತ್ತಿದ್ದರು.

"ಏನ್ ಆಂಟಿ, ವಾರ್ತೆ ಓದ್ತಾ ಇದ್ದೀರಾ? ಮುಟ್ಟಿ ನೋಡಿ ತಗೊಳ್ಳಿ!" ಎಂದು ತರಕಾರಿಯಮ್ಮ ಬಿದ್ದು ಬಿದ್ದು ನಗುತ್ತಿದ್ದಳು.

ವಾರ್ತೆಯಲ್ಲಿ ಯಾರೂ ಯಾರಿಗೂ 'ನೀನು' ಅನ್ನುವುದಿಲ್ಲವಲ್ಲ, ಹಾಗಾಗಿ ಅವರಿಗೆ ಏಕವಚನವೇ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಮಲಗಿದ ಬೀದಿನಾಯಿಗೂ "ದಯವಿಟ್ಟು ಸ್ಥಳಾಂತರಗೊಳ್ಳಿ." ನಾನೊಮ್ಮೆ, "ಆಂಟಿ, ನಿಮ್ಮ ಮಗಳಾಗೋ ವಯಸ್ಸು ನಂದು. ನೀನು ಅನ್ನಿ" ಎಂದೆ. "ಪ್ರಯತ್ನಿಸಲಾಗುವುದು" ಎಂದರು. ಪ್ರಯತ್ನ ಫಲಿಸಲಿಲ್ಲ.

ನನಗೆ ರೇಡಿಯೊದಲ್ಲಿ ತಾತ್ಕಾಲಿಕ ಉದ್ಘೋಷಕಿಯ ಕೆಲಸ ಸಿಕ್ಕಾಗ ಅವರೇ ನನ್ನ ಗುರು. ಅವರ ಪಾಠ ಒಂದೇ: "ಹೆಸರಿನ ಮೊದಲು ಉಸಿರು ತೆಗೆದುಕೊಳ್ಳಿ. ಉಸಿರಿನ ಕೊನೆಯಲ್ಲಿ ಯಾರ ಹೆಸರನ್ನೂ ಹೇಳಬೇಡಿ, ನುಂಗಿಹೋಗುತ್ತದೆ." ನಾವು ಮೊದಲು ಹಾಡಿದವರನ್ನು ಹೇಳುತ್ತಿದ್ದೆವು, ಆಮೇಲೆ ಸಂಗೀತ, ಕಟ್ಟಕಡೆಗೆ ಸಾಹಿತ್ಯ. ಬರೆದವರ ಹೆಸರಿಗೆ ಬರುವಷ್ಟರಲ್ಲಿ ಉಸಿರೂ ಮುಗಿದಿರುತ್ತದೆ, ಸಮಯವೂ.

ಒಂದು ದಿನ ವಾರ್ತೆಗೆ ಕೆಲವೇ ಸೆಕೆಂಡು ಇತ್ತೆಂದು ನಾನು ಸಾಹಿತಿಯ ಹೆಸರು ಬಿಟ್ಟುಬಿಟ್ಟೆ. ಮನೆಗೆ ಬಂದರೆ ಆಂಟಿ ಮೆಟ್ಟಿಲ ಮೇಲೆ ನಿಂತಿದ್ದರು.

"ಬರೆದವರು ಯಾರು?"

"ಟೈಮ್ ಇರ್ಲಿಲ್ಲ ಆಂಟಿ."

"ಹಾಡಿದವರಿಗೆ ಸಮಯವಿತ್ತು."

ಬಾಗಿಲು ಹಾಕಿಕೊಂಡರು. ನಾಲ್ಕು ದಿನ ಮಾತಿಲ್ಲ. ಇಷ್ಟಕ್ಕೆ ಇಷ್ಟು ರಾಮಾಯಣವಾ ಎಂದು ನನಗೂ ಸಿಟ್ಟು ಬಂತು.

ಕಾರಣ ತಿಳಿದದ್ದು ಕಾವೇರಿ ಗಲಾಟೆಯ ಮಧ್ಯಾಹ್ನ. ಬಸ್ಸುಗಳು ನಿಂತಿದ್ದವು. ಆಂಟಿಗೆ ಸಾರನ್ನ ಕೊಡಲು ಮೇಲೆ ಹೋದೆ. ರೇಡಿಯೊ 'ಪರಿಸ್ಥಿತಿ ಶಾಂತವಾಗಿದೆ' ಎನ್ನುತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು, ಕಟ್ಟಿಟ್ಟ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಎಲ್ಲಿಗೆ ಹೊರಟ್ರಿ ಆಂಟಿ? ಎಲ್ಲಾ ಶಾಂತವಾಗಿದೆ ಅಂತಿದಾರಲ್ಲ."

"ಅದನ್ನು ನಾನೂ ಓದಿದ್ದೇನೆ" ಎಂದರು. ಕೈ ಕಿವಿಗೆ ಹೋಯಿತು. ನಂತರ ಹೇಳಿದ್ದನ್ನೆಲ್ಲ ಅದೇ ವಾರ್ತೆಯ ಕನ್ನಡದಲ್ಲಿ ಹೇಳಿದರು. "ಗಲಭೆಯ ದಿನ ನನಗೆ ಒಂದು ಹಾಳೆಯನ್ನು ನೀಡಲಾಯಿತು. ನಗರ ಶಾಂತವಾಗಿದೆ ಎಂದು ಓದಿದೆ. ಚೆನ್ನಾಗಿ ಓದಿದೆ. ಪತಿಯ ತಾಯಿ ಮನೆಯಲ್ಲಿ ರೇಡಿಯೊ ಕೇಳುತ್ತಿದ್ದರು. ನೆರೆಯವರು ಓಡಿಹೋಗಲು ಕರೆದಾಗ, 'ಸೊಸೆಯೇ ಹೇಳಿದ್ದಾರೆ, ಭಯವಿಲ್ಲ' ಎಂದು ಅವರು ಹೊರಡಲಿಲ್ಲ. ಮನೆಗೆ ಬೆಂಕಿ ಹಚ್ಚಲಾಯಿತು. ಅವರು ಒಳಗಿದ್ದರೆಂದು ತಿಳಿದುಬಂತು."

ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ನಾವು ಸಮುದ್ರ ದಾಟಿದೆವು. ನನ್ನ ಹಾಡುಗಳನ್ನು ಅಲ್ಲಿ ಈಗಲೂ ಪ್ರಸಾರ ಮಾಡುತ್ತಾರೆ. ನನ್ನ ಹೆಸರನ್ನು ಹೇಳುವುದಿಲ್ಲ. ಆ ಸುಳ್ಳನ್ನು ಹೇಳಿದಾಗ ಮಾತ್ರ ವಾರ್ತೆಯ ಕೊನೆಯಲ್ಲಿ, ಓದಿದವರು ಎಂದು, ನನ್ನ ಹೆಸರಿತ್ತು."

ಎಷ್ಟೋ ವರ್ಷಗಳ ನಂತರ ಅವರ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು ಡಾಕ್ಟರು. ಆಪರೇಷನ್ನಿನ ಹಿಂದಿನ ಸಂಜೆ, ಇಂದಿರಾನಗರದ ಆಸ್ಪತ್ರೆಯಲ್ಲಿ, ಅವರ ಹಾಡೊಂದನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಅಲ್ಲಿನ ರೇಡಿಯೊ ಕಾರ್ಯಕ್ರಮದ ತುಣುಕು ಅದು. ಉದ್ಘೋಷಕ ಎರಡು ಹೆಸರು ಹೇಳಿದ. ಆಂಟಿ ಕಿವಿಗೆ ಕೈ ಕೊಟ್ಟು ಮೂರನೆಯದಕ್ಕೆ ಕಾದರು. ಹಾಡು ಶುರುವಾಯಿತು.

"ಪಾಪ, ಉಸಿರು ಸಾಲಲಿಲ್ಲ" ಎಂದರು. ನಾನೇಕೆ ಹಾಕಿದೆನೋ ಎಂದು ನನ್ನನ್ನೇ ಶಪಿಸಿಕೊಂಡೆ. ಆಗ ನನ್ನ ಮಣಿಕಟ್ಟು ಹಿಡಿದು ಹೇಳಿದರು: "ನನ್ನ ಹೆಸರು ನೀನು ಹೇಳು."

ನೀನು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

ಮನೆತನ, ತವರು ಎಲ್ಲ ಸೇರಿ ಅದು ಉದ್ದದ ಹೆಸರು. ಒಂದೊಂದೇ ಅಕ್ಷರ ಹೇಳಿಕೊಟ್ಟರು. ಎರಡು ಸಲ ತಪ್ಪಿದೆ. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಸಾಕು" ಎಂದರು. ಅವರ ದನಿಯಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಆಮೇಲೆ ನಾಲ್ಕು ತಿಂಗಳು ಬದುಕಿದ್ದರು. ತುಟಿ ಅಲುಗುತ್ತಿತ್ತು, ಸದ್ದಿಲ್ಲ. ಆದರೂ ಎಡಗೈ ಕಿವಿಗೆ ಹೋಗುತ್ತಿತ್ತು. ಅದನ್ನು ನೋಡಲಾರದೆ ನಾನು ಏನಾದರೂ ನೆಪ ಹೇಳಿ ಕೆಳಗಿಳಿದು ಬರುತ್ತಿದ್ದೆ. ಆ ಹೇಡಿತನ ಇಂದಿಗೂ ಚುಚ್ಚುತ್ತದೆ.

ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಕಣ್ಣಲ್ಲಿ ಓದುವವರು ಉದ್ದದ ಹೆಸರನ್ನು ನುಂಗಿಬಿಡುತ್ತಾರೆ ಎಂದು ನನಗೆ ಭಯ.

ಚಿತಾಗಾರದಲ್ಲಿ ಗುಮಾಸ್ತ ರಿಜಿಸ್ಟರ್ ತೆರೆದು ಕೇಳಿದ: "ತೀರ್‍ಕೊಂಡೋರ ಹೆಸರೇನು ಮೇಡಂ?"

ಉಸಿರು ತೆಗೆದುಕೊಂಡು ಹೇಳಿದೆ.

"ಅಯ್ಯೋ, ಜಾಗ ಸಾಲಲ್ಲ. ಶಾರ್ಟಾಗಿ ಹೇಳಿ."

"ಇಲ್ಲ ರೀ, ಪೂರ್ತಿ ಬರ್ಕೊಳ್ಳಿ."

ಗೊಣಗುತ್ತಲೇ ಅಂಚಿನವರೆಗೂ ಬರೆದ. ಸರಿಯಿದೆಯೇ ನೋಡಿ ಎಂದು ಗಟ್ಟಿಯಾಗಿ ಓದತೊಡಗಿದವನು ಕೊನೆಯಲ್ಲಿ ಉಸಿರುಗಟ್ಟಿ ತೊದಲಿದ.

"ಉಸಿರು ತಗೊಂಡು ಇನ್ನೊಂದ್ಸಲ ಓದಿ" ಎಂದೆ. ಅವನು ಓದಿದ, ಪೂರ್ತಿ ಓದಿದ. ಆಗ ನೋಡಿಕೊಂಡೆ, ನನ್ನ ಎಡಗೈ ಕಿವಿಯ ಮೇಲಿತ್ತು.