ಬೋರಲು ಅಂಟಿದ ಹಾಳೆಗಳು

ಬುಧವಾರ, ಬೆಳಗಿನ ಐದೂವರೆ. ಮೌಂಟ್ ಆಲ್ಬರ್ಟ್ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಅರವತ್ತೊಂದರ ಬದರಿನಾಥ್ ರಟ್ಟಿಗೆ ಅಂಟಿದ ದಪ್ಪ ಹಾಳೆಯೊಂದರ ಅಂಚಿಗೆ ತೆಳು ಚಾಕು ತೂರಿಸುತ್ತಿದ್ದಾರೆ. ನೀರು ತಾಗಿಸುವಂತಿಲ್ಲ, ಅಕ್ಷರಗಳ ಉಬ್ಬು ಕರಗಿಬಿಡುತ್ತದೆ. ಒಂದು ಹಾಳೆ ಬಿಡಿಸಲು ಮುಕ್ಕಾಲು ಗಂಟೆ. ಎಂಟೂವರೆಗೆ ಪೆನ್‌ರೋಸ್‌ನ ಗೋದಾಮಿನಲ್ಲಿ ಅವರ ಶಿಫ್ಟ್.

ಹಾಳೆಗಳ ಮೇಲಿರುವುದು ಫಲಿಸ್ಕನ್. ಲ್ಯಾಟಿನ್‌ಗೆ ತೀರ ಹತ್ತಿರದ ಭಾಷೆ. ರೋಮಿನ ಉತ್ತರಕ್ಕಿದ್ದ ಜನ ಆಡುತ್ತಿದ್ದರು. ಎರಡು ಸಾವಿರ ವರ್ಷಗಳಿಂದ ಯಾರೂ ಆಡುವುದಿಲ್ಲ. ಗ್ಯಾರೇಜಿನ ಈ ಮನೆಯಲ್ಲಿದ್ದ, ಹಳೆಯ ಭಾಷೆಗಳ ಮೇಷ್ಟ್ರು ಇಟಲಿಯ ಗೋರಿಕಲ್ಲುಗಳಿಗೆ ಒದ್ದೆ ಕಾಗದ ಬಡಿದು ಅಕ್ಷರಗಳ ಅಚ್ಚು ತೆಗೆದು, ಒಣಗಿಸಿ ತಂದಿದ್ದರು. ಅವನ್ನು ರಟ್ಟಿಗೆ ಅಂಟಿಸಲು, ಮೈಸೂರಿನಲ್ಲಿ ಹದಿನೆಂಟು ವರ್ಷ ಶಾಸನಗಳ ಪಡಿಯಚ್ಚು ತೆಗೆದು ಇಲ್ಲಿಗೆ ವಲಸೆ ಬಂದಿದ್ದ ಬದರಿನಾಥರನ್ನು ಕರೆದರು. ಹೋದ ವರ್ಷ, ೨೦೦೫ರಲ್ಲಿ, ಮೇಷ್ಟ್ರು ತೀರಿಕೊಂಡರು.

ಆಮೇಲೆ ತಪ್ಪು ಕಣ್ಣಿಗೆ ಬಿತ್ತು: ಎಷ್ಟೋ ಹಾಳೆಗಳ ಮುಖ ರಟ್ಟಿನ ಕಡೆಗಿತ್ತು. "ನಮ್ಮೂರಲ್ಲಿ ಮಸಿ ಬಳಿದ ಕಡೆನೇ ಮುಖ ಸಾರ್. ಇಲ್ಲಿ ಮಸಿನೇ ಇಲ್ಲ, ಅಕ್ಷರ ಎರಡೂ ಕಡೆ ಕಾಣುತ್ತೆ, ಒಂದು ಕಡೆ ಕನ್ನಡಿಲಿ ಕಂಡ ಹಾಗೆ. ಸಾಲು ಎಡದಿಂದ ಬಲಕ್ಕೆ ಓಡೋ ಕಡೆ ಮುಖ ಅಂದ್ಕೊಂಡ್‌ಬಿಟ್ಟೆ. ಇವರು ಎಷ್ಟೋ ಕಲ್ಲಲ್ಲಿ ಬಲದಿಂದ ಎಡಕ್ಕೆ ಬರೀತಿದ್ರಂತೆ!" ಎಂದು ಕೆಲಸ ನೋಡಲು ಬಂದಿರುವ ನನಗೆ ಹೇಳುತ್ತಾರೆ.

ಒಟ್ಟು ಮುನ್ನೂರ ಹನ್ನೆರಡು ಹಾಳೆ, ತೊಂಬತ್ತಾರು ಬೋರಲು. ಎಂಬತ್ತೇಳನ್ನು ಬಿಡಿಸಿ ತಿರುಗಿಸಿದ್ದಾರೆ, ಒಂಬತ್ತು ಉಳಿದಿವೆ. ಮೇಷ್ಟ್ರ ಮನೆ ಮಾರಾಟವಾಗಿದೆ. ಶನಿವಾರ ಎಲ್ಲವೂ ಹ್ಯಾಮಿಲ್ಟನ್‌ನ ಸಂಗ್ರಹಾಲಯಕ್ಕೆ. ಅಲ್ಲಿ ಪೆಟ್ಟಿಗೆ ಮುಚ್ಚಿದ ಮೇಲೆ ತಿದ್ದಲು ಯಾರೂ ಕೂರುವುದಿಲ್ಲ. ಇಂದು ಮೂರು, ನಾಳೆ ಮೂರು, ನಾಡಿದ್ದು ಮೂರು. ಒಂದು ಬೆಳಿಗ್ಗೆ ಕೈ ಸೋತರೂ ಲೆಕ್ಕ ತಪ್ಪುತ್ತದೆ.

ಚಾಕು ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತಾರೆ. ಪತ್ನಿ ಜಯಲಕ್ಷ್ಮಿ ಕಾಫಿಯ ಫ್ಲಾಸ್ಕ್ ತಂದಿಡುತ್ತಾರೆ. "ಸತ್ತ ಭಾಷೆಗೆ ಐದಕ್ಕೆ ಏಳ್ತೀರ. ಬದುಕಿರೋ ನನಗೆ ಒಂದಿನ ಕಾಫಿ ಮಾಡ್ಕೊಟ್ಟಿದೀರಾ?"

"ಶನಿವಾರ ಮಾಡ್ತೀನಿ ಕಣೇ."

"ಶನಿವಾರ ನೀವು ಏಳಲ್ಲ ಬಿಡಿ."

ಕೆಲಸ ಮುಗಿದ ಮೇಲೆ ಬೇರೇನು ಆಸೆ ಎಂದು ಬದರಿನಾಥರನ್ನು ಕೇಳುತ್ತೇನೆ. "ಅವಳು ಹೇಳಿದ್ದೇ. ಒಂಬತ್ತರವರೆಗೂ ಮಲಗ್ಬೇಕು."

ಏಳೂಮುಕ್ಕಾಲಿಗೆ ಮೂರನೆಯ ಹಾಳೆ ಹರಿಯದೆ ಕಳಚುತ್ತದೆ. ಮೇಷ್ಟ್ರ ಪಟ್ಟಿಯಲ್ಲಿ ಹುಡುಕಿ ನೋಡುತ್ತಾರೆ: ಗೋರಿಕಲ್ಲು, ಬರೀ ಒಂದು ಹೆಸರು. ತಿರುಗಿಸಿ ರಟ್ಟಿನ ಮೇಲಿಟ್ಟು, ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ.

"ಯಾರೋ ಪಾಪ, ಬೋರಲು ಮಲಗಿಸಿಬಿಟ್ಟಿದ್ದೆ," ಎನ್ನುತ್ತಾರೆ. ಆಮೇಲೆ ಹಾಳೆಗೆ, ತಗ್ಗಿದ ದನಿಯಲ್ಲಿ: "ಇನ್ನು ನೆಟ್ಟಗೆ ಮಲಕ್ಕೋಪ್ಪ."