ಮರದ ಹೆಸರಿನ ಬಾಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಸ್ಯತೋಟದ ಗೇಟು ತೆಗೆಯೋಕೆ ಎರಡು ಗಂಟೆ ಇದೆ, ಆದ್ರೆ ಹಿಂದಿನ ತಗಡಿನ ಶೆಡ್ಡಿಂದ ಆಗ್ಲೇ ಟಣ್ ಟಣ್ ಸದ್ದು. ಒಳಗೆ ಅರವತ್ತರ ಹತ್ತಿರದ ಒಬ್ಬರು ಅಲ್ಯೂಮಿನಿಯಂ ಪಟ್ಟಿ ಮೇಲೆ ಉಕ್ಕಿನ ಅಕ್ಷರದಚ್ಚು ನಿಲ್ಲಿಸಿ ಸುತ್ತಿಗೆಯಲ್ಲಿ ಹೊಡೀತಿದ್ದಾರೆ. ಒಂದಕ್ಷರಕ್ಕೆ ಒಂದೇ ಏಟು. ಎರಡನೇದು ಬಿತ್ತೋ, ಪಟ್ಟಿ ಗುಜರಿಗೆ. ಮಾಲಿಗಳು ಇವರಿಗೆ ಇಟ್ಟಿರೋ ಹೆಸರು ಟಣ್ಣಣ್ಣ.

ಮೂವತ್ತನಾಲ್ಕು ವರ್ಷದಿಂದ ತೋಟದ ಮರಗಳ ಹೆಸರುಪಟ್ಟಿಯೆಲ್ಲ ಇವರ ಕೈಯದ್ದೇ: ಮೇಲೆ ಲ್ಯಾಟಿನ್, ಕೆಳಗೆ ಇಂಗ್ಲಿಷ್. ದಿನಕ್ಕೆ ಹನ್ನೆರಡು ಪಟ್ಟಿ. ಓದಿದ್ದು ಏಳನೇ ಕ್ಲಾಸು. ಎಡಗಿವಿ ಆ ಸದ್ದಿಗೇ ಹೋಗಿದೆ, ಹೆಂಡತಿ ಬಲಗಡೆ ಕೂತೇ ಮಾತಾಡ್ತಾರೆ. "ಊರಿನ ಮರದ ಹೆಸರೆಲ್ಲ ಬಾಯಿಪಾಠ, ಉಪ್ಪು ತನ್ನಿ ಅಂದ್ರೆ ಮಾತ್ರ ಮರೆತು ಬರ್ತಾರೆ" ಅಂತ ಅವರ ದೂರು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಎಡವಟ್ಟಾಯ್ತು. ಚೀಟಿಯಲ್ಲಿದ್ದದ್ದು 'ಕ್ವೆರ್ಕಸ್ ಆಲ್ಬಾ', ಅಂದ್ರೆ ಬಿಳಿ ಓಕ್. ಹೆಸರು 'ಅಸ್' ಅಂತ ಮುಗಿದ ಮೇಲೆ ಬಣ್ಣವೂ ಹಾಗೇ ಮುಗೀಬೇಕಲ್ವಾ ಅಂತ ತಾವೇ ಜಾಣತನ ಮಾಡಿ, ನಲವತ್ತಮೂರು ಪಟ್ಟಿ ಮೇಲೆ 'ಆಲ್ಬಸ್' ಹೊಡೆದುಬಿಟ್ರು. ಒಣಗಿದ ಎಲೆಗಳ ಕಡತ ನೋಡ್ಕೋತಿದ್ದ ಮುದಿ ಗುಮಾಸ್ತರು ಬೈಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಲ್ಯಾಟಿನ್ನಿನಲ್ಲಿ 'ಅಸ್' ಗಂಡಿನ ಬಾಲ, 'ಆ' ಹೆಣ್ಣಿನ ಬಾಲ, ಆದ್ರೆ ಇಂಥ ಮರಗಳ ಹೆಸರು ಗಂಡುವೇಷ ಹಾಕಿದ್ರೂ ಲೆಕ್ಕದಲ್ಲಿ ಹೆಣ್ಣಪ್ಪಾ ಅಂದ್ರು.

"ಇಂಗ್ಲಿಷಿನ ವೈಟು ಯಾರ ಪಕ್ಕ ಕೂತ್ರೂ ವೈಟೇ. ನಮ್ಮ ಬಿಳಿನೂ ಅಷ್ಟೇ" ಅಂತಾರೆ ಟಣ್ಣಣ್ಣ. "ಲ್ಯಾಟಿನ್ನಿನ ಗುಣವಾಚಕ ನಮ್ಮ ಕ್ರಿಯಾಪದ ಇದ್ದಂಗೆ. ಬಂದ, ಬಂದಳು, ಬಂತು. ನಾಮಪದ ಯಾರು ಅಂತ ನೋಡಿ ಬಾಲ ಬದಲಾಯಿಸುತ್ತೆ. ಇಂಗ್ಲಿಷಿನ 'ದಿ' ಅಂತೂ ಲ್ಯಾಟಿನ್ನಿಗೆ ಬೇಡವೇ ಬೇಡ, ನಮಗೆ ಹೆಂಗೆ ಬೇಡವೋ ಹಂಗೆ." ಲ್ಯಾಟಿನ್ ಬರುತ್ತಾ ಅಂದ್ರೆ ತಲೆ ಅಲ್ಲಾಡಿಸ್ತಾರೆ. ಬಾಲ ಮಾತ್ರ ಬರುತ್ತಂತೆ.

ಈ ತಿಂಗಳು ಪಟ್ಟಿಗಳೆಲ್ಲ ಹೊಸದಾಗಬೇಕು ಅಂತ ಆಫೀಸಿಂದ ಕಂಪ್ಯೂಟರ್ ಹಾಳೆ ಬಂತು. ಅಲ್ಲಿ ಯಾರೋ ಅದೇ ಜಾಣತನ ಮಾಡಿ ನೂರಹನ್ನೆರಡು ಹೆಸರಿನ ಬಾಲ 'ಸರಿ' ಮಾಡಿದ್ರು. ಟಣ್ಣಣ್ಣ ಸುತ್ತಿಗೆ ಕೆಳಗಿಟ್ರು. ಸೋಮವಾರದೊಳಗೆ ಮುಗೀದಿದ್ರೆ ಕೆಲಸ ಹೊರಗಿನ ಮೆಷೀನಿಗೆ ಹೋಗುತ್ತೆ, ಶೆಡ್ಡಿಗೆ ಬೀಗ ಬೀಳುತ್ತೆ ಅಂತ ಹೊಸ ಅಧಿಕಾರಿ ಮೇಡಂ ಹೇಳಿಯಾಗಿತ್ತು. ಸುಮ್ನೆ ಹೊಡೆದುಕೊಟ್ಟಿದ್ರೆ ನಿವೃತ್ತಿವರೆಗೂ ಶೆಡ್ಡು ಅವರದೇ.

"ಯಾರ್ರೀ ಓದ್ತಾರೆ ಅದನ್ನ?" ಅಂತ ಮೇಡಂ ಕೇಳಿದ್ರು.

"ಮರಕ್ಕೆ ಓದಕ್ಕೆ ಬರಲ್ಲ ಮೇಡಂ. ಅದಕ್ಕೇ ನಾವು ನೋಡಿ ಬರೀಬೇಕು."

ಟಣ್ಣಣ್ಣ ಗುಮಾಸ್ತರ ಹಳೇ ಕಡತಗಳನ್ನ ಎತ್ತಿ ತಂದು ಮೇಡಂ ಮೇಜಿನ ಮೇಲೆ ಬಿಚ್ಚಿದ್ರು. ಮೂರು ದಿನ ಇಬ್ಬರೂ ಕೂತು ಒಂದೊಂದೇ ಹೆಸರು ತಾಳೆ ನೋಡಿದ್ರು. ನೂರಹನ್ನೆರಡೂ ತಪ್ಪೇ. ಮೇಡಂ ತಮ್ಮ ಕೈಯಾರೆ ತಿದ್ದಿದ್ರು. ಅಷ್ಟರಲ್ಲಿ ಸೋಮವಾರ ಕಳೀತು, ಆಫೀಸು ಮೆಷೀನಿನವರಿಗೆ ಆರ್ಡರು ಕೊಟ್ಟಾಗಿತ್ತು, ಅದು ವಾಪಸ್ಸು ಬರಲಿಲ್ಲ.

ಹಾಗಾಗಿ ಈಗ ಹೊಡೀತಿರೋದು ಕೊನೇ ಕೆಲವು ಪಟ್ಟಿ. ಮೆಷೀನಿಗೆ ಹೋಗೋ ಹಾಳೆಯನ್ನ ಮೊದಲು ಇವರು ಓದಬೇಕು ಅಂತ ಮೇಡಂ ಕೇಳಿಕೊಂಡಿದ್ದಾರೆ, ಇವರು ಒಪ್ಪಿದ್ದಾರೆ. ಬೇಜಾರಿಲ್ವಾ ಅಂದ್ರೆ ಅಚ್ಚನ್ನ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಇಡ್ತಾರೆ.

"ಇರುತ್ತೆ. ಇದ್ರೂ ಸುತ್ತಿಗೆ ಹೋದ್ರೆ ಹೋಗ್ಲಿ. ಇಷ್ಟು ವರ್ಷ ನೆರಳು ಕೊಟ್ಟ ಹೆಣ್ಣುಮಕ್ಕಳನ್ನ ಗಂಡಸ್ರು ಅಂತ ಕರೆದು ಹೋದೋನು ಅಂತ ಅನ್ನಿಸ್ಕೊಳ್ಳಲಿಲ್ಲ."